ಕ್ಯಾಲ್ವಿನ್ ಜಾನ್ಸನ್ ಯಾರ ಋಣವನ್ನೂ ಉಳಿಸಿಕೊಂಡಿರಲಿಲ್ಲ

2016ರ ಮಾರ್ಚ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಡೆಟ್ರಾಯಿಟ್ ಲಯನ್ಸ್ ತಂಡದ ವೈಡ್ ರಿಸೀವರ್ ಕ್ಯಾಲ್ವಿನ್ ಜಾನ್ಸನ್ ಆಟ ಬಿಟ್ಟಾಗ ಅವನಿಗಿನ್ನೂ 30 ವರ್ಷ. ಇನ್ನೂ ಆಡಬಹುದಿತ್ತು, ತಂಡಕ್ಕೆ ಕೈಕೊಟ್ಟ ಅನ್ನುವವರು ಇವತ್ತಿಗೂ ಇದ್ದಾರೆ. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತದೆ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ವೈಡ್ ರಿಸೀವರ್ ಅಂದರೆ ದೂರದಿಂದ ಬರುವ ಚೆಂಡಿನ ಮೇಲೆ ಕಣ್ಣಿಟ್ಟು ಓಡುವವನು. ಪಕ್ಕದಿಂದ ಯಾರು ಬಂದು ಗುದ್ದುತ್ತಾರೋ ನೋಡುವುದಕ್ಕೂ ಪುರುಸೊತ್ತಿರುವುದಿಲ್ಲ. 2011ರಲ್ಲಿ ಡಲ್ಲಾಸ್ ವಿರುದ್ಧದ ಪಂದ್ಯ ನೋಡಿ. ಮೂವರು ಎದುರಾಳಿಗಳು ಸುತ್ತುವರಿದಿದ್ದಾರೆ, ಆರೂವರೆ ಅಡಿಯ ಹತ್ತಿರದ ಆ ಮನುಷ್ಯ ಅವರೆಲ್ಲರ ತಲೆಯ ಮೇಲೆ ಹಾರಿ ಚೆಂಡು ಕಿತ್ತುಕೊಳ್ಳುತ್ತಾನೆ. ಎದುರಾಳಿಯ ಕೊನೆಯ ಅಂಕಣದಲ್ಲಿ ಚೆಂಡು ಹಿಡಿದು ಅಂಕ ಗಳಿಸುವುದು, ಅಂದರೆ ಟಚ್‌ಡೌನ್! ಟ್ರಾನ್ಸ್‌ಫಾರ್ಮರ್ಸ್ ಕಥೆಯ ದೈತ್ಯ ರೋಬೋಟ್ ಮೆಗಾಟ್ರಾನ್‌ನ ಹೆಸರಿನಿಂದ ಅವನನ್ನು ಕರೆದದ್ದು ಸುಮ್ಮನೆ ಅಲ್ಲ.

ಅವನು ಇದನ್ನೆಲ್ಲ ಮಾಡಿದ್ದು ಎಂಥ ತಂಡಕ್ಕಾಗಿ? 2008ರಲ್ಲಿ ಲಯನ್ಸ್ ಆಡಿದ 16 ಪಂದ್ಯಗಳನ್ನೂ ಸೋತಿತು. ಆ ವರ್ಷವೂ ಚೆಂಡು ಹಿಡಿದು ತಂಡವನ್ನು ಮುಂದೊಯ್ದ ದೂರದ ಲೆಕ್ಕದಲ್ಲಿ ಅವನದು 1,331 ಯಾರ್ಡ್, ಜೊತೆಗೆ 12 ಟಚ್‌ಡೌನ್. 2012ರಲ್ಲಿ ಒಂದೇ ಸೀಸನ್‌ಗೆ 1,964 ಯಾರ್ಡ್ ಗಳಿಸಿ ಹಳೆಯ ದಿಗ್ಗಜ ರಿಸೀವರ್ ಜೆರ್ರಿ ರೈಸ್‌ನ 1995ರ ದಾಖಲೆ ಮುರಿದ. ದಾಖಲೆಯ ಆ ಚೆಂಡನ್ನು ಮೈದಾನದ ಅಂಚಿನಲ್ಲಿದ್ದ ಅಪ್ಪನ ಕೈಗೆ ಕೊಟ್ಟ. ಆ ಪಂದ್ಯವನ್ನೂ ತಂಡ ಸೋತಿತು. ಇಡೀ ಸೀಸನ್‌ನಲ್ಲಿ ಗೆದ್ದದ್ದೇ ನಾಲ್ಕು. ಒಂಬತ್ತು ವರ್ಷದಲ್ಲಿ ಅವನಿಗೆ ಸಿಕ್ಕ ಪ್ಲೇಆಫ್ ಪಂದ್ಯ, ಅಂದರೆ ಸೀಸನ್ ಕೊನೆಯ ನಾಕೌಟ್ ಪಂದ್ಯ, ಎರಡೇ ಎರಡು. ಅದರಲ್ಲೊಂದರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ, ಒಬ್ಬನೇ 211 ಯಾರ್ಡ್ ಬಾಚಿದರೂ ಉಪಯೋಗವಾಗಲಿಲ್ಲ.

ಅಷ್ಟರಲ್ಲಿ ಬೆರಳು, ಮೊಣಕಾಲು, ಹಿಮ್ಮಡಿಯ ಗಂಟು ಎಲ್ಲವೂ ಸವೆದುಹೋಗಿದ್ದವು. ನೋವಿನ ಮಾತ್ರೆ ನುಂಗಿ ಮೈದಾನಕ್ಕಿಳಿಯುತ್ತಿದ್ದ ದಿನಗಳ ಬಗ್ಗೆ ಆಮೇಲೆ ಅವನೇ ಬಾಯಿಬಿಟ್ಟು ಹೇಳಿದ್ದಾನೆ.

ಇಂಥವನು ನಿವೃತ್ತಿ ಹೇಳಿದರೆ ತಂಡದವರು ಮಾಡಿದ್ದೇನು? ಒಪ್ಪಂದಕ್ಕೆ ಸಹಿ ಹಾಕಿದ್ದಕ್ಕೆ ಕೊಟ್ಟಿದ್ದ ಬೋನಸ್‌ನಲ್ಲಿ ಹತ್ತು ಲಕ್ಷ ಡಾಲರ್‌ಗೂ ಹೆಚ್ಚು ವಾಪಸ್ ವಸೂಲಿ ಮಾಡಿದರು. ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು, ಒಪ್ಪುತ್ತೇನೆ. ಆದರೆ ಕೇಳಲೇಬೇಕು ಅಂತ ಯಾವ ನಿಯಮವೂ ಹೇಳಿರಲಿಲ್ಲ. 1999ರಲ್ಲಿ ಬ್ಯಾರಿ ಸ್ಯಾಂಡರ್ಸ್ ಹೊರಟಾಗಲೂ ಇದೇ ತಂಡ ಹೀಗೇ ಬೋನಸ್‌ಗಾಗಿ ಬೆನ್ನುಬಿದ್ದಿತ್ತು. ತಮ್ಮ ಇತಿಹಾಸದ ಅತಿ ದೊಡ್ಡ ಆಟಗಾರರಿಬ್ಬರನ್ನೂ ಇವರು ಬೀಳ್ಕೊಟ್ಟ ರೀತಿ ಇದು.

2021ರಲ್ಲಿ, ಅರ್ಹತೆ ಸಿಕ್ಕ ಮೊದಲ ವರ್ಷವೇ, ಆಟದ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡಿತು. ಸ್ವಂತ ತಂಡ ತನ್ನ ಮೈದಾನದಲ್ಲಿ ಅವನ ಹೆಸರು ಹಾಕಿ ಗೌರವಿಸುವಷ್ಟರಲ್ಲಿ 2024 ಬಂದಿತ್ತು. ಸಂತೋಷವೇ. ಆದರೆ ಬೋನಸ್ ವಸೂಲಿಯ ಮೇಲೆ ತಂಡಕ್ಕೂ ಅವನಿಗೂ ನಡುವೆ ಇದ್ದ ಆ ಎಂಟು ವರ್ಷದ ಮುನಿಸಿಗೆ ಕಾರಣ ಕ್ಯಾಲ್ವಿನ್ ಅಲ್ಲ.