ಗ್ರೀನ್‌ಲ್ಯಾಂಡ್ ಶಾರ್ಕ್‌ಗೆ 512 ವರ್ಷ: ಸ್ಪಷ್ಟನೆ

‘1505ರಲ್ಲಿ ಹುಟ್ಟಿದ, 512 ವರ್ಷದ ಗ್ರೀನ್‌ಲ್ಯಾಂಡ್ ಶಾರ್ಕ್ ಜೀವಂತ ಸಿಕ್ಕಿದೆ’ ಎಂಬ ಸಂದೇಶ ಮತ್ತೆ ಹರಿದಾಡುತ್ತಿದೆ. ಇದು ತಪ್ಪು.

2016ರ ಅಧ್ಯಯನದಲ್ಲಿ ಪರೀಕ್ಷಿಸಿದ್ದು 28 ಹೆಣ್ಣು ಶಾರ್ಕ್‌ಗಳ ಕಣ್ಣಿನ ಮಸೂರವನ್ನು, ಅದೂ ಸತ್ತ ಮೀನಿನಿಂದ ತೆಗೆದದ್ದು. ಇವುಗಳ ಬೆನ್ನುಮೂಳೆ ತೀರಾ ಮೆದು. ವಯಸ್ಸು ಎಣಿಸಲು ಬೇಕಾದ, ಬೆಳೆದಂತೆ ಮೂಳೆಯಲ್ಲಿ ಮೂಡುವ ಬಳೆಯಂಥ ಗೆರೆಗಳೇ ಇವುಗಳಲ್ಲಿ ಮೂಡುವುದಿಲ್ಲ. ಮಸೂರವಾದರೋ ಈರುಳ್ಳಿಯಂತೆ ಪದರಪದರವಾಗಿ ಬೆಳೆಯುತ್ತದೆ. ನಡುವಿನ ತಿರುಳು ಮರಿ ಹುಟ್ಟುವ ಮುಂಚಿನದು, ಮತ್ತೆ ಬದಲಾಗುವುದಿಲ್ಲ. ಆ ತಿರುಳಿನ ಇಂಗಾಲ-14 (ಕಾಲ ಕಳೆದಂತೆ ಗೊತ್ತಾದ ಗತಿಯಲ್ಲಿ ಕ್ಷಯಿಸುವ ಇಂಗಾಲದ ರೂಪ) ಅಳೆದೇ ವಯಸ್ಸು ಅಂದಾಜಿಸಿದ್ದು.

ಅತಿ ದೊಡ್ಡದಾದ 5.02 ಮೀಟರ್ ಶಾರ್ಕ್‌ಗೆ ಬಂದ ಉತ್ತರ 392 ವರ್ಷ, 120 ವರ್ಷ ಹೆಚ್ಚುಕಡಿಮೆ. ಅಂದರೆ 272ರಿಂದ 512. ಸಂದೇಶ ಬರೆದವರು ಕೊನೆಯ ಅಂಕಿಯನ್ನಷ್ಟೇ ಎತ್ತಿಕೊಂಡಿದ್ದಾರೆ. 272 ಎಂದರೂ ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇದಕ್ಕೆ ಸಾಟಿಯಾದದ್ದು ತಿಳಿದಿಲ್ಲ. ಉತ್ಪ್ರೇಕ್ಷೆಯ ಅಗತ್ಯವೇ ಇರಲಿಲ್ಲ.