ಸತ್ಯಾಂಶ: ಹಳೆಯ ಕಟ್ಟಡಕ್ಕೆ ಸೇರುವ ಹೊಸ ಭಾಗ ಅದರ ಪಡಿಯಚ್ಚೇ ಆಗಬೇಕೆ?

ಪಾರಂಪರಿಕ ಕಟ್ಟಡಕ್ಕೆ ಏನನ್ನೇ ಸೇರಿಸಿದರೂ ಅದು ಕಮಾನು, ಗಾರೆಯ ಹೂಬಳ್ಳಿ ಸಮೇತ ಹಳೆಯದರಂತೆಯೇ ಕಾಣಬೇಕು, ಇಲ್ಲದಿದ್ದರೆ ಪರಂಪರೆಗೆ ಅಪಚಾರ ಎಂಬ ಸಂದೇಶ ಮೈಸೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಇದು ಸರಿಯಲ್ಲ.

ಸ್ಮಾರಕಗಳ ಸಂರಕ್ಷಣೆ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1964ರ ವೆನಿಸ್ ಸನ್ನದಿನ 9ನೇ ವಿಧಿಯ ಪ್ರಕಾರ, ಅನಿವಾರ್ಯವಾಗಿ ಸೇರಿಸುವ ಭಾಗ ಮೂಲ ರಚನೆಯಿಂದ ಬೇರೆಯಾಗಿ ಗುರುತಿಗೆ ಸಿಗಬೇಕು ಮತ್ತು ತನ್ನ ಕಾಲದ ಮುದ್ರೆಯನ್ನು ಹೊತ್ತಿರಬೇಕು. ಪಾರಂಪರಿಕ ಕಟ್ಟಡಗಳಿಗಾಗಿ ಇರುವ ಅಮೆರಿಕದ ಫೆಡರಲ್ ಸರ್ಕಾರದ ಮಾನದಂಡಗಳೂ ಇದನ್ನೇ ಹೇಳಿ, ಹೊಸದು ಗಾತ್ರ, ಪ್ರಮಾಣಗಳಲ್ಲಿ ಹಳೆಯದಕ್ಕೆ ಹೊಂದಬೇಕು, ಮುಂದೆಂದಾದರೂ ಅದನ್ನು ತೆಗೆದರೆ ಮೂಲ ಕಟ್ಟಡಕ್ಕೆ ಊನವಾಗಬಾರದು ಎಂದು ಸೇರಿಸುತ್ತವೆ. ನಕಲು ಎಷ್ಟು ಅಚ್ಚುಕಟ್ಟಾಗಿದ್ದರೂ, ಅಥವಾ ಅಚ್ಚುಕಟ್ಟಾಗಿರುವುದರಿಂದಲೇ, ಯಾವುದು ಅಸಲಿ ಎಂಬ ಗೊಂದಲವನ್ನು ಮುಂದಿನವರಿಗೆ ಉಳಿಸುತ್ತದೆ.

ಹಾಗೆಂದು ಮೈಸೂರಿನ ಪಾರಂಪರಿಕ ದೇವರಾಜ ಮಾರುಕಟ್ಟೆಯ ನೆತ್ತಿಯ ಮೇಲೆ ಗಾಜಿನ ಪೆಟ್ಟಿಗೆ ಕೂರಿಸಬಹುದೆಂದಲ್ಲ. ಹೊಸ ಭಾಗ ಬೀದಿಯ ಮುಖದಿಂದ ಹಿಂದೆ ಸರಿದು, ಸ್ವಂತ ತಳಪಾಯದ ಮೇಲೆ ನಿಲ್ಲುವುದು ಮೇಲು. ಬಳಸುವ ಸಾಮಗ್ರಿಯೂ ಹಳೆಯದಕ್ಕೆ ಒಗ್ಗಬೇಕು: ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಹೊರಹೋಗಲಾರದೆ ಒಳಗೇ ಉಳಿದು, ಉಪ್ಪು ಕಟ್ಟಿ, ಇಟ್ಟಿಗೆ ಪುಡಿಯಾಗುತ್ತದೆ. ಈ ಹಾನಿ ಗಾಜಿನ ಪೆಟ್ಟಿಗೆಯಿಂದಾಗುವುದಕ್ಕಿಂತ ದೊಡ್ಡದು.

ಇದೇ ಮಾರುಕಟ್ಟೆಯಲ್ಲಿ 2016ರಲ್ಲಿ ಕುಸಿದ ಉತ್ತರ ದ್ವಾರದಂತಹ ಭಾಗವನ್ನು ದಾಖಲೆಗಳ ಆಧಾರದಲ್ಲಿ ಮರಳಿ ಕಟ್ಟುವ ಪ್ರಶ್ನೆಯೇ ಬೇರೆ. ಅದು ಪುನರ್ನಿರ್ಮಾಣ, ಸೇರ್ಪಡೆಯಲ್ಲ. ಸಂದೇಶವು ಇವೆರಡನ್ನೂ ಒಂದೇ ಎಂದುಕೊಂಡಿದೆ.