ಸಂಬಳ ಆಮೇಲೆ, ಮೊದಲು ಹಾಸಿಗೆ

ಸ್ಪೇನಿನ ಬಿಲ್ಬಾವೋ ಅಂದರೆ ಈಗ ಎಲ್ಲರೂ ಗುಗೆನ್‌ಹೈಮ್ ಮ್ಯೂಸಿಯಂ ಫೋಟೋ ಹಾಕುತ್ತಾರೆ. ಚೆನ್ನಾಗಿದೆ, ಬೇಡ ಅನ್ನಲ್ಲ. ಆದರೆ ಆ ಊರು ದುಡ್ಡು ಕಂಡಿದ್ದು ಪಕ್ಕದ ಗುಡ್ಡಗಳಿಂದ. ಗಯಾರ್ತಾ, ಲಾ ಅರ್ಬೊಲೆದಾ ಕಡೆಯ ಕಬ್ಬಿಣದ ಗಣಿಗಳಿಂದ. ಆ ಕಾಲವನ್ನು ‘ಬಾಸ್ಕ್ ನಾಡಿನ ಪ್ರಗತಿ’ ಅಂತ ಸುಮ್ನೆ ಹೊಗಳಿ ಮುಗಿಸುವವರ ಬಗ್ಗೆ ನನಗೆ ತಕರಾರಿದೆ.

ಅಲ್ಲಿ ಶತಮಾನಗಳಿಂದ ಅದಿರು ತೆಗೆಯುತ್ತಿದ್ದರು. 1856ರಲ್ಲಿ ಇಂಗ್ಲೆಂಡಿನ ಹೆನ್ರಿ ಬೆಸಿಮರ್ ಉಕ್ಕು ಮಾಡುವ ಹೊಸ ದಾರಿ ತೋರಿಸಿದ. ಅದಕ್ಕೆ ರಂಜಕ ಕಡಿಮೆ ಇರುವ ಅದಿರೇ ಆಗಬೇಕು. ಇಲ್ಲಿಯದು ಹಾಗೇ ಇತ್ತು, ಸಮುದ್ರವೂ ಹತ್ತಿರ. 1873ರಲ್ಲಿ ಒರ್ಕೊನೇರಾ ಕಂಪನಿ ಹುಟ್ಟಿತು. ಜರ್ಮನಿಯ ಕ್ರುಪ್, ಬ್ರಿಟನ್ನಿನ ಉಕ್ಕಿನ ಕಂಪನಿಗಳು, ಊರ ಶ್ರೀಮಂತರಾದ ಇಬಾರಾ ಮನೆತನ, ಎಲ್ಲರದ್ದೂ ಪಾಲು. ಕೂಲಿಗೆ ಮಾತ್ರ ಸ್ಪೇನಿನ ಬೇರೆ ಕಡೆಯ ಬಡ ರೈತರು.

ಅವರನ್ನು ಮಲಗಿಸುತ್ತಿದ್ದದ್ದು ಕಂಪನಿಯ ಶೆಡ್‌ಗಳಲ್ಲಿ. ಒಂದೇ ಹಾಸಿಗೆಯಲ್ಲಿ ಇಬ್ಬಿಬ್ಬರು. ಸಾಮಾನು ಕೊಳ್ಳುವುದು ಗೊತ್ತುಮಾಡಿದ ಅಂಗಡಿಯಲ್ಲೇ, ಅದೂ ಎಷ್ಟೋ ಕಡೆ ಮೇಸ್ತ್ರಿಯದ್ದೇ. ಬೇರೆ ಕಡೆ ಕೊಂಡರೆ ಕೆಲಸ ಹೋಗುವ ಭಯ. ಸಂಬಳ ತಿಂಗಳಿಗೊಮ್ಮೆ, ಹಾಗಾಗಿ ಅಲ್ಲಿವರೆಗೆ ಸಾಲ. ಬಟವಾಡೆ ದಿನ ಅಂಗಡಿಯ ಲೆಕ್ಕ ಮುರಿದುಕೊಂಡು ಉಳಿದದ್ದು ಕೈಗೆ. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಳ್ಳೋದು ಅಂದ್ರೆ ಇದೇ ಅಲ್ವಾ?

1890ರ ಮೇ ತಿಂಗಳಲ್ಲಿ ಒರ್ಕೊನೇರಾ ಐವರು ಕೆಲಸಗಾರರನ್ನು ಹೊರಹಾಕಿತು. ಗುಡ್ಡಕ್ಕೆ ಗುಡ್ಡವೇ ಕೆಲಸ ನಿಲ್ಲಿಸಿತು. ಇಲ್ಲಿ ನನಗೆ ಮುಖ್ಯ ಅನ್ನಿಸುವುದು ಅವರು ಕೇಳಿದ್ದು ಏನು ಅನ್ನುವುದು. ಹೊರಹಾಕಿದವರನ್ನು ವಾಪಸ್ ತಗೊಳ್ಳಿ, ಹತ್ತು ಗಂಟೆ ಕೆಲಸ, ಶೆಡ್ಡಿನ ಕಡ್ಡಾಯ ಬೇಡ, ಅಂಗಡಿಯ ಕಡ್ಡಾಯ ಬೇಡ. ಕೂಲಿ ಎಷ್ಟು ಹೆಚ್ಚಿದರೂ ಅದು ಮೇಸ್ತ್ರಿಯ ಗಲ್ಲಾಪೆಟ್ಟಿಗೆಗೇ ಹೋಗುತ್ತದೆ ಅಂತ ಅವರಿಗೆ ಅನುಭವದಿಂದಲೇ ಗೊತ್ತಿತ್ತು. ಮುಷ್ಕರ ಮುರಿಯಲು ಸೇನೆ ಬಂತು. ಬಂದ ಜನರಲ್ ಲೋಮಾ ಶೆಡ್‌ಗಳನ್ನು ಕಣ್ಣಾರೆ ನೋಡಿ ಕೆಲಸಗಾರರ ಪರವಾಗಿಯೇ ತೀರ್ಪು ಕೊಟ್ಟ. ಕಾಗದದ ಮೇಲೆ ಗೆಲುವು. ಅಂಗಡಿಗಳು ಮಾತ್ರ ಹೇಗೋ ನಡೆದೇ ನಡೆದವು. 1903ರಲ್ಲಿ ಮತ್ತೊಂದು ದೊಡ್ಡ ಮುಷ್ಕರ ಆಗಿ, ವಾರಕ್ಕೊಮ್ಮೆ ಸಂಬಳ ಅಂತಾಯಿತು. ಕೇಳಲು ಸಣ್ಣ ವಿಷಯ. ಆದರೆ ಕೈಯಲ್ಲಿ ಕಾಸಿದ್ದವನಿಗೆ ಮೇಸ್ತ್ರಿಯ ಸಾಲ ಯಾಕೆ ಬೇಕು? ಲೋಮಾನ ತೀರ್ಪಿಗಿಂತ ಇದೇ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಲೆಕ್ಕ.

ಇಂಥ ಗಯಾರ್ತಾದಲ್ಲೇ 1895ರಲ್ಲಿ ಡೊಲೋರೆಸ್ ಇಬಾರುರಿ ಹುಟ್ಟಿದ್ದು, ಗಣಿ ಕೆಲಸಗಾರನ ಮನೆಯಲ್ಲಿ. ಮುಂದೆ ‘ಪಾಸಿಯೊನಾರಿಯಾ’ ಅಂತ ಹೆಸರಾದ ಕಮ್ಯುನಿಸ್ಟ್ ನಾಯಕಿ. ಆಕೆ ಹುಟ್ಟಿದ ಗಯಾರ್ತಾ ಈಗ ಇಲ್ಲ. ಊರಿನ ಕೆಳಗೂ ಅದಿರಿತ್ತು, ಊರನ್ನೇ ಎಬ್ಬಿಸಿ ಪಕ್ಕಕ್ಕೆ ಹಾಕಿದರು. ಚರ್ಚು, ಚೌಕ, ಬೀದಿ ಇದ್ದ ಜಾಗದಲ್ಲಿ ಬೊಡೊವಾಯೆ ಗುಂಡಿ, ಅದರ ತಳ ಸಮುದ್ರಮಟ್ಟಕ್ಕಿಂತ ಕೆಳಗಿದೆ. 1993ರಲ್ಲಿ ಆ ಗಣಿಯೂ ಮುಚ್ಚಿತು.

ಗುಂಡಿಯ ಅಂಚಿನ ಹಳೆಯ ಕಸಾಯಿಖಾನೆಯಲ್ಲಿ ಈಗ ಗಣಿ ಮ್ಯೂಸಿಯಂ ಇದೆ. ಊರವರು, ಹಳೆ ಗಣಿ ಕೆಲಸಗಾರರು ಸೇರಿ ಸಾಮಾನು ಕೂಡಿಹಾಕಿ ಕಟ್ಟಿದ್ದು. ಆ ಕಡೆ ಹೋಗುವವರು ಗುಗೆನ್‌ಹೈಮ್‌ಗಿಂತ ಮೊದಲು ಇಲ್ಲಿಗೆ ಹೋಗಿ. ಆಮೇಲೆ ಲಾ ಅರ್ಬೊಲೆದಾಗೆ ಹತ್ತಿ ಹುರುಳಿಕಾಯಿ ಬೀಜದ ಸಾರು ಊಟ ಮಾಡಿ, ಅದಕ್ಕೇ ಹೆಸರಾದ ಊರದು. ಅಲ್ಲಿ ಕಾಣುವ ಚೆಂದದ ಕೆರೆಗಳೂ ಹಳೆಯ ಗಣಿ ಗುಂಡಿಗಳೇ.